ಕಿವಿಯ ಗುರುತು ಯಾರದು

ನಿವೃತ್ತಳಾದ ಮೇಲೂ ನನ್ನ ಬೆನ್ನು ಬಿಡದೆ ಬಂದದ್ದು ಒಂದೇ ಒಂದು ಮಾತು, ನಿಮ್ಮ ನಾಯಿ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಓಣಿಯಲ್ಲಿ ಬೆಳಿಗ್ಗೆ ಹಾಲು ತರಲು ಹೊರಟರೆ ಎದುರುಮನೆಯ ಮಾಸ್ತರರು ಗೇಟಿನ ಒಳಗಿನಿಂದಲೇ ಕರೆಯುತ್ತಾರೆ: "ಶೈಲಾಬಾಯಾರ, ನಿಮ್ಮ ನಾಯಿ ನಿನ್ನಿ ನನ್ನ ಚಪ್ಪಲ್ಲ ಒಯ್ತು ನೋಡ್ರಿ."

ನಾನು ನಾಯಿ ಸಾಕಿಲ್ಲ. ಅವರು ಹೇಳುವ ನಾಯಿ ಹುಟ್ಟಿದ್ದು ಓಣಿಯಲ್ಲಿ, ಬೆಳೆದದ್ದು ಓಣಿಯವರು ಹಾಕಿದ ಅನ್ನದಲ್ಲಿ, ಮಲಗುವುದು ಮಾಸ್ತರರ ಮನೆಯ ಮೆಟ್ಟಿಲ ಮೇಲೆ. ಆದರೆ ಅದರ ಒಂದು ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದೆ. ಸಂತಾನ ಆಗದಂತೆ ಶಸ್ತ್ರಚಿಕಿತ್ಸೆ ಮಾಡಿದ ಬೀದಿನಾಯಿಯನ್ನು ದೂರದಿಂದಲೇ ಗುರುತಿಸಲಿ, ಮತ್ತೆ ಹಿಡಿಯದಿರಲಿ ಎಂದು ಮಾಡುವ ಕಚ್ಚು ಅದು. ಮಾಡಿದ್ದು ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ. ಆದ್ದರಿಂದ ಚಪ್ಪಲಿ ಕದ್ದ ದಿನ ಅದು ನಮ್ಮ ನಾಯಿ. ಹೋದ ಮಳೆಗಾಲದಲ್ಲಿ ಅದಕ್ಕೆ ಜ್ವರ ಬಂದಾಗ ಇದೇ ಮಾಸ್ತರರು ಕೊಡೆ ಹಿಡಿದು ನಮ್ಮ ಬಾಗಿಲಿಗೆ ಬಂದು, "ನಮ್ಮ ರಾಜಾ ಏನೂ ತಿನ್ನವಲ್ದು" ಎಂದಿದ್ದರು. ನಾನು ಅವರನ್ನು ಹಂಗಿಸಲಿಲ್ಲ. ಹಂಗಿಸಬೇಕಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಪ್ರಾಣಿರಕ್ಷಣೆಯ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು, ಕೆಲಸ ನಿಜವಾಗಿ ಹೇಗಿತ್ತು ಬರೆದುಕೊಡಿ ಎಂದು ಕೇಳಿದ್ದಾರೆ. "ನಿಜವಾಗಿ" ಎಂಬ ಮಾತಿಗೆ ನಾನು ಹೆದರುತ್ತೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ಆದರೆ ತೆಗೆದು ನೋಡಿದರೆ ಮಳೆ, ಗಾಡಿಯ ಕ್ಲಚ್ಚು, ಯಾರು ರಜೆ, ಊಟಕ್ಕೆ ಏನಿತ್ತು, ಇಷ್ಟೇ. ಯಾವ ದಿನ ಮನಸ್ಸು ಕಲಕಿತೋ ಆ ದಿನದ ಪುಟದಲ್ಲಿ ಒಂದೇ ಸಾಲು. ಹಾಗಾಗಿ ಇಲ್ಲಿಯ ಮಾತುಗಳೆಲ್ಲ ನೆನಪಿನಿಂದ ಬಂದವು. ನೆನಪು ನನ್ನನ್ನು ಇದ್ದುದಕ್ಕಿಂತ ಸ್ವಲ್ಪ ಒಳ್ಳೆಯವಳನ್ನಾಗಿ ಮಾಡುತ್ತದೆ ಎಂಬುದು ಗೊತ್ತಿದೆ. ಓದುವವರು ಅಷ್ಟನ್ನು ಕಳೆದು ಓದಬೇಕು.

ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿಕೊಂಡಿದ್ದೆ. ಕಪ್ಪೆಯ ನರಮಂಡಲ ಬಾಯಿಪಾಠ ಬರುತ್ತಿತ್ತು, ಗಾಯಗೊಂಡ ಕಪ್ಪೆಯನ್ನು ಎತ್ತಿಕೊಳ್ಳಲು ಬರುತ್ತಿರಲಿಲ್ಲ. ಕೆಲವು ವರ್ಷ ಕಾಲೇಜಿನಲ್ಲಿ ಕಲಿಸಿ ಬೇಸತ್ತಾಗ ಬೆಳಗಾವಿಯ ಈ ಸಂಸ್ಥೆಯಲ್ಲಿ ಫೋನ್ ನೋಡಿಕೊಳ್ಳುವ, ಬೇಕಾದಾಗ ಗಾಡಿಯೊಂದಿಗೆ ಹೋಗುವ ಕೆಲಸ ಸಿಕ್ಕಿತು. ಕೆಲವು ತಿಂಗಳ ಮಟ್ಟಿಗೆ ಎಂದುಕೊಂಡು ಹೋದವಳು ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ನಮ್ಮ ಮೇಲಿನವರು ಪಾಟೀಲ ಡಾಕ್ಟರು. ಪಶುವೈದ್ಯರು, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಮೊದಲ ದಿನವೇ ನನಗೊಂದು ಶಬ್ದ ನಿಷೇಧಿಸಿದರು. ಯಾರೋ ಫೋನಿನಲ್ಲಿ ಬಿದ್ದ ನಾಯಿಯ ಕಥೆ ಹೇಳುತ್ತಿದ್ದರು, ನಾನು ಇತ್ತಲಿಂದ "ಅಯ್ಯೋ ಪಾಪ, ಪಾಪ" ಎನ್ನುತ್ತಲೇ ಇದ್ದೆ. ಫೋನ್ ಇಟ್ಟ ಮೇಲೆ ನಾಯಿ ಎಲ್ಲಿದೆ ಎಂದು ಡಾಕ್ಟರು ಕೇಳಿದರೆ ನಾನು ಕೇಳಿಕೊಂಡೇ ಇರಲಿಲ್ಲ. "ಬಾಯಾರ, ಪಾಪ ಆಮ್ಯಾಲೆ ಅನ್ನೂಣು. ಮೊದಲ ಯಾವ ಓಣಿ, ಯಾವ ಕಾಲು, ರಕ್ತ ಅದನೋ ಇಲ್ಲೋ ಕೇಳ್ರಿ" ಎಂದರು. ಆ ದಿನದಿಂದ ನಮ್ಮ ಆಫೀಸಿನಲ್ಲಿ ಪಾಪ ಎಂದವರು ಎಲ್ಲರಿಗೂ ಚಹಾ ತರಿಸಬೇಕು ಎಂಬ ನಿಯಮವಾಯಿತು. ಅತಿ ಹೆಚ್ಚು ಚಹಾ ತರಿಸಿದವರು ಡಾಕ್ಟರೇ.

ಜನ ನಮ್ಮ ಬಗ್ಗೆ ಏನೇನು ತಿಳಿದಿದ್ದರು ಎಂಬುದನ್ನು ಹೇಳಬೇಕು. ಬಹಳ ಮಂದಿಗೆ ನಾವು ಮಹಾನಗರಪಾಲಿಕೆಯವರು. ನಳದಲ್ಲಿ ನೀರು ಬಂದಿಲ್ಲ ಎಂಬ ದೂರೂ ನಮಗೆ ಬರುತ್ತಿತ್ತು. ಇನ್ನು ಕೆಲವರ ಮನಸ್ಸಿನಲ್ಲಿ ಊರ ಹೊರಗೆ ನಮ್ಮದೊಂದು ದೊಡ್ಡ ತೋಟವಿದೆ, ಹಿಡಿದ ನಾಯಿಗಳೆಲ್ಲ ಅಲ್ಲಿ ಮಾವಿನ ಮರದ ಕೆಳಗೆ ಆಡಿಕೊಂಡು ಇರುತ್ತವೆ. ನಮ್ಮಲ್ಲಿದ್ದದ್ದು ತಗಡಿನ ಶೆಡ್ಡು, ಎರಡು ಸಾಲು ಪಂಜರ, ಹಿಂದೆ ಗೋಡೆ ಹಾಕಿದ ಒಂದು ಅಂಗಳ. ಒಯ್ದ ನಾಯಿಯನ್ನು ಹಿಡಿದ ಜಾಗದಲ್ಲೇ ತಂದು ಬಿಡಬೇಕೆಂಬುದು ನಿಯಮ. ಇದನ್ನು ಹೇಳಿದರೆ ಜನರಿಗೆ ಮೋಸ ಹೋದಂತೆ ಅನ್ನಿಸುತ್ತಿತ್ತು. "ಮತ್ತ ಒಯ್ಯೂದ್ಯಾಕ?" ಎನ್ನುವರು. ಬೇರೆ ಓಣಿಯ ನಾಯಿಗಳನ್ನು ತಂದು ತಮ್ಮ ಓಣಿಗೆ ಬಿಡುತ್ತೇವೆ ಎಂದು ನಂಬಿದವರೂ ಇದ್ದರು.

ಇದಕ್ಕೆ ಸರಿಯಾಗಿ ಉಲ್ಟಾ ತಿಳಿದವರೂ ಇದ್ದರು, ನಾವು ಒಯ್ದು ಕೊಲ್ಲುತ್ತೇವೆ ಎಂದು. ನೆಹರು ನಗರದ ಒಂದು ಓಣಿಯಲ್ಲಿ ನಾಯಿಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಒಬ್ಬ ಹೆಣ್ಣುಮಗಳು ಕೈಯ ಹಿಟ್ಟನ್ನೂ ತೊಳೆಯದೆ ಓಡಿಬಂದು ಗಾಡಿ ಹತ್ತಿ ಕುಳಿತಳು. ಇಳಿಯಲೊಲ್ಲಳು. "ನಡೀರಿ, ನಾನೂ ಬರ್ತೀನಿ. ಎಲ್ಲಿ ಕೊಲ್ತೀರಿ ನೋಡೇ ಬಿಡೂಣು" ಎಂದಳು. ಬಂದಳು. ಶಸ್ತ್ರಚಿಕಿತ್ಸೆಯ ಕೋಣೆಯನ್ನು ಕಿಟಕಿಯಿಂದ ನೋಡಿದಳು, ನಮ್ಮ ಡಬ್ಬಿಯಲ್ಲಿ ಊಟ ಮಾಡಿದಳು, ಪಲ್ಯಕ್ಕೆ ಉಪ್ಪು ಕಡಿಮೆ ಎಂದಳು. ನಾಯಿಗಳು ಚೇತರಿಸಿಕೊಂಡು ಓಣಿಗೆ ಮರಳುವವರೆಗೆ ದಿನವೂ ಬಂದು ಹೋದಳು. ನಂಬದವರು ಬಂದು ಕೂತರೆ ಆಮೇಲೆ ನಮ್ಮವರೇ ಆಗುತ್ತಿದ್ದರು. ದೂರದಿಂದ ಹೊಗಳುವವರ ಬಗ್ಗೆ ನನಗೆ ಇಷ್ಟು ಭರವಸೆ ಇರಲಿಲ್ಲ.

ಭಾಷೆಯಿಂದ ಆಗುತ್ತಿದ್ದ ಪಜೀತಿ ಬೇರೆ. ನಮ್ಮ ಕಡೆ, ಅದರಲ್ಲೂ ಖಾನಾಪುರದ ಕಡೆ, ಒಂದೇ ವಾಕ್ಯದಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ ಸಹಜ. ಒಂದು ಮಧ್ಯಾಹ್ನ ಖಾನಾಪುರದಿಂದ ಒಬ್ಬರು ಫೋನ್ ಮಾಡಿದರು: "ಬಾಯಾರ, ಖಾರ ಬಿದ್ದೈತ್ರಿ. ಕಣ್ಣ ತೆರೀವಲ್ದು."

ಯಾವುದೋ ನಾಯಿಯ ಕಣ್ಣಿಗೆ ಖಾರದಪುಡಿ ಬಿದ್ದಿದೆ ಎಂದು ತಿಳಿದು ನಾನು ಧೈರ್ಯ ಹೇಳಿದೆ. "ಏನೂ ಅಂಜಬ್ಯಾಡ್ರಿ. ತಣ್ಣೀರು ತಗೊಂಡು ಚಲೋತ್ನಾಗಿ ಹೊಯ್ರಿ, ತೊಳೀತಾ ಇರ್ರಿ."

"ತಣ್ಣೀರು ಹೊಯ್ದ್ರ ಸಾಯೂದಿಲ್ಲೇನ್ರಿ? ಭಾಳ ಸಣ್ಣದೈತಿ. ನಾ ಅರಳಿಯೊಳಗ ಇಟ್ಟೀನಿ."

ಅರಳೆಯಲ್ಲಿ ಖಾರ ಯಾಕೆ ಇಟ್ಟರು ಎಂದು ನಾನು ಇನ್ನೂ ಯೋಚಿಸುತ್ತಿರುವಾಗಲೇ ಬಾಜೂಕ ಕುಳಿತಿದ್ದ ಯಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಯಲ್ಲಪ್ಪ ನಮ್ಮ ಗಾಡಿ ಓಡಿಸುತ್ತಿದ್ದವನು, ನಾಯಿ ಹಿಡಿಯುವವನೂ ಅವನೇ. ಮರಾಠಿಯಲ್ಲಿ ಖಾರ ಎಂದರೆ ಅಳಿಲು. ಗೂಡಿನಿಂದ ಬಿದ್ದ, ಇನ್ನೂ ಕಣ್ಣು ತೆರೆಯದ ಅಳಿಲು ಮರಿಗೆ ನಾನು ತಣ್ಣೀರು ಹೊಯ್ಯಲು ಹೇಳುತ್ತಿದ್ದೆ. ಪುಣ್ಯಕ್ಕೆ ಆ ಮನುಷ್ಯರು ನನ್ನ ಮಾತು ಕೇಳಲಿಲ್ಲ. ಮರಿ ಬದುಕಿತು. ಅಂದಿನಿಂದ ನಾನು ಪ್ರತಿ ಫೋನಿನಲ್ಲಿ "ಯಾವ ಪ್ರಾಣಿ? ಎಷ್ಟು ಕಾಲು? ಬಾಲ ಹೆಂಗೈತಿ?" ಎಂದು ಕೇಳತೊಡಗಿದೆ. ಹೊಸಬರು ಇದಕ್ಕೆ ನಗುತ್ತಾರೆ. ನಗಲಿ, ಆದರೆ ಕೇಳಲಿ. ಒಂದೇ ಶಬ್ದವನ್ನು ಇಬ್ಬರು ಬೇರೆ ಬೇರೆ ಅರ್ಥದಲ್ಲಿ ಹಿಡಿದು, ಇಬ್ಬರೂ ಪ್ರಾಮಾಣಿಕವಾಗಿ ಮಾತಾಡಬಹುದು ಎಂದು ಅಂದು ಕಲಿತೆ. ಗುರುತೂ ಶಬ್ದದ ಹಾಗೆಯೇ ಎಂಬುದನ್ನು ಕಲಿಯಲು ಇನ್ನೂ ಕೆಲವು ವರ್ಷ ಬೇಕಾದವು.

ಅದು ಚಂದ್ರಿಯ ಕಥೆ.

ಖಾನಾಪುರ ತಾಲೂಕಿನ ಜಾಂಬೋಟಿ ನೋಡಿಕೊಂಡು ಬರುತ್ತಿದ್ದ ಮೆಡಿಕಲ್ ಕಾಲೇಜಿನ ಹುಡುಗರು ಫೋನ್ ಮಾಡಿದ್ದರು. ಭತ್ತದ ಗದ್ದೆಗಳ ನಡುವಿನ ರಸ್ತೆಯಲ್ಲಿ ಯಾವುದೋ ಗಾಡಿ ಒಂದು ಹೆಣ್ಣುನಾಯಿಗೆ ಬಡಿದು ಹೋಗಿತ್ತು. ನಾವು ಹೋಗುವವರೆಗೆ ಹುಡುಗರು ಅದಕ್ಕೆ ನೆರಳಾಗಿ ನಿಂತಿದ್ದರು. ಕಂದು ಬಣ್ಣ, ಹಣೆಯ ಮೇಲೆ ಅರ್ಧಚಂದ್ರದಂಥ ಬಿಳಿ. ಕುತ್ತಿಗೆಯಲ್ಲಿ ಪಟ್ಟಿ ಇರಲಿಲ್ಲ, ಸುತ್ತಮುತ್ತ ಮನೆಯೂ ಇರಲಿಲ್ಲ. ಗದ್ದೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಯಲ್ಲಪ್ಪ ಕೂಗಿ ನೋಡಿದ. ಯಾರೂ ಓಗೊಡಲಿಲ್ಲ. ಬೀದಿನಾಯಿ ಎಂದುಕೊಂಡು ತಂದೆವು.

ಡಾಕ್ಟರು ಹಿಂಗಾಲಿನ ಎಲುಬು ಜೋಡಿಸಿದರು. ಕಾಲು ಕೂಡಿಕೊಂಡ ಮೇಲೆ, ಬೀದಿಯಿಂದ ಬಂದ ಎಲ್ಲ ನಾಯಿಗೂ ಮಾಡುವಂತೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಕಿವಿಗೆ ಕಚ್ಚು ಹಾಕಿದರು. ಅದರಲ್ಲಿ ವಿಶೇಷವೇನೂ ನಮಗೆ ಕಾಣಲಿಲ್ಲ. ವಿಶೇಷ ಕಂಡದ್ದು ಅದನ್ನು ಹಿಂದಿನ ಅಂಗಳಕ್ಕೆ ಬಿಟ್ಟ ಮೇಲೆ. ಸಂಜೆಯಾದರೆ ಸಾಕು, ಕುಂಟುತ್ತ ಉಳಿದ ನಾಯಿಗಳ ಸುತ್ತ ಒಂದು ಸುತ್ತು ಹಾಕಿ, ಎಲ್ಲವನ್ನೂ ಒಂದು ಮೂಲೆಗೆ ಕೂಡಿಸಿ, ತಾನು ಎದುರಿಗೆ ಅಡ್ಡ ಮಲಗುತ್ತಿತ್ತು. ಎದ್ದು ಬಂದ ನಾಯಿಯನ್ನು ಮೂತಿಯಿಂದ ದೂಡಿ ಒಳಗೆ ಕಳಿಸುತ್ತಿತ್ತು.

"ಇದು ಬೀದಿನಾಯಿ ಅಲ್ರಿ," ಎಂದರು ಡಾಕ್ಟರು. "ಇದು ನೌಕರಿ ಮ್ಯಾಲಿರೋ ನಾಯಿ."

ಯಲ್ಲಪ್ಪ ಖಾನಾಪುರದ ರಸ್ತೆಯುದ್ದಕ್ಕೂ ಚಹಾದ ಅಂಗಡಿಗಳಲ್ಲಿ ವಿಚಾರಿಸಿದ. ಸುಗ್ಗಿ ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿಹಿಂಡು ನಿಲ್ಲಿಸುವ ಪದ್ಧತಿ ಆ ಕಡೆ ಇದೆ. ಅಂಥದೊಂದು ಹಿಂಡಿನವರು ಹಣೆಯ ಮೇಲೆ ಚಂದ್ರನಿರುವ ನಾಯಿಯನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಸಿಕ್ಕಿತು. ಹೇಳಿ ಕಳಿಸಿದೆವು. ಹಿಂಡಿನ ಒಡತಿ ಲಕ್ಕವ್ವ ಮರುದಿನವೇ ಬಸ್ಸು ಹಿಡಿದು ಬಂದಳು. ಗಂಡ ಬೆಳಗಾವಿಯಲ್ಲಿ ವಾಚ್‌ಮನ್, ಕುರಿ ನೋಡಿಕೊಳ್ಳುವವರು ಅವಳು ಮತ್ತು ಅವಳ ಮಾವ. ಅರಿವೆಯಲ್ಲಿ ಸುತ್ತಿದ ರೊಟ್ಟಿ ತಂದಿದ್ದಳು.

ನಾಯಿ ಅವಳನ್ನು ನೋಡಿ ಕೂಗಿದ ಕೂಗು ನನಗಿನ್ನೂ ಕಿವಿಯಲ್ಲಿದೆ. ಅವಳ ಸೀರೆಯ ನೆರಿಗೆಯಲ್ಲಿ ಮೂತಿ ತೂರಿಸಿ ನಡುಗುತ್ತಿತ್ತು. ಲಕ್ಕವ್ವ "ಚಂದ್ರೀ" ಎನ್ನುತ್ತ ನೆಲಕ್ಕೆ ಕುಳಿತು ಅದರ ತಲೆ ಸವರಿದಳು, ಕುತ್ತಿಗೆ ಸವರಿದಳು, ಕಿವಿಗೆ ಬಂದಾಗ ಅವಳ ಕೈ ನಿಂತಿತು. ಕಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಅಂಗಳದ ಉಳಿದ ನಾಯಿಗಳತ್ತ ನೋಡಿದಳು.

"ಎಲ್ಲಾ ನಾಯಿಗೂ ಹಿಂಗ ಕಿವಿ ಕತ್ತರಿಸ್ತೀರೇನ್ರಿ?"

"ಹೌದವ್ವಾ, ನಮ್ಮಲ್ಲಿ ಎಲ್ಲಾಕ್ಕೂ ಹಿಂಗ" ಎಂದೆ, ಒಂದಿಷ್ಟು ಹೆಮ್ಮೆಯಿಂದಲೇ.

ಅವಳು ರೊಟ್ಟಿ ಮುರಿದು ತಿನ್ನಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಡಾಕ್ಟರಿಗೂ ನನಗೂ ಕೈ ಮುಗಿದು, "ಚಲೋ ನೋಡ್ಕೋರಿ" ಎಂದು ಹೇಳಿ ಹೊರಟೇ ಹೋದಳು. ನಾಯಿಯನ್ನು ಒಯ್ಯಲಿಲ್ಲ. ಅದು ಗೇಟಿನ ಸರಳಿಗೆ ಮೂಗು ಒತ್ತಿ ಸಂಜೆಯವರೆಗೆ ನಿಂತಿತ್ತು. ಅಂದು ಬೇರೆ ನಾಯಿಗಳನ್ನು ಮೂಲೆಗೆ ಕೂಡಿಸಲಿಲ್ಲ.

ಕುಂಟುನಾಯಿ ಯಾರಿಗೆ ಬೇಕು, ಎಂದುಕೊಂಡೆವು ನಾವು. ಡಾಕ್ಟರು ಪಾಪ ಎಂದರು, ಚಹಾ ತರಿಸಿದರು, ಯಾರೂ ನಗಲಿಲ್ಲ. ಜನ ನಮ್ಮ ಬಗ್ಗೆ ತಪ್ಪು ತಿಳಿಯುತ್ತಾರೆ ಎಂದು ಇಷ್ಟುದ್ದ ಬರೆದೆನಲ್ಲ, ನಾವು ಜನರ ಬಗ್ಗೆ ತಿಳಿಯುತ್ತಿದ್ದುದು ಹೀಗಿತ್ತು. ಪ್ರಾಣಿಗಳ ನಡುವೆ ಬಹುಕಾಲ ಕೆಲಸ ಮಾಡಿದವರಿಗೆ ಮನುಷ್ಯರ ಮೇಲೆ ಒಂದು ಸಿದ್ಧ ತೀರ್ಪು ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೊಸಬರು ಇದನ್ನು ನೆನಪಿಡಬೇಕು.

ನಾಯಿ ಊಟ ಕಡಿಮೆ ಮಾಡಿತು. ಅದನ್ನು ರಸ್ತೆಯಲ್ಲಿ ಬಿಡುವಂತಿರಲಿಲ್ಲ, ಅದಕ್ಕೆ ತನ್ನದೆಂಬ ಬೀದಿಯೇ ಇಲ್ಲ. ಪಂಜರದಲ್ಲಿ ಇಟ್ಟರೆ ಉಳಿಯುವ ಲಕ್ಷಣ ಕಾಣಲಿಲ್ಲ. ಅಷ್ಟರಲ್ಲಿ ಮೋಡಗಳು ಕಟ್ಟತೊಡಗಿದವು. ಜಾಂಬೋಟಿಯ ಮಳೆ ಕುರಿಗಳಿಗೆ ಆಗದು. ಮಳೆ ಹಿಡಿಯುವ ಮೊದಲೇ ಹಿಂಡು ಮೂಡಣದ ಒಣಸೀಮೆಗೆ ಹೊರಟುಬಿಡುತ್ತದೆ, ಆಮೇಲೆ ಎಲ್ಲಿ ಎಂದು ಹುಡುಕುವುದು? ಒಮ್ಮೆ ಹಿಂಡಿನ ಹತ್ತಿರವೇ ಒಯ್ದು ನೋಡೋಣ, ಒಲ್ಲೆ ಎಂದರೆ ಎದುರಿಗೇ ಅನ್ನಲಿ ಎಂದು ನಾನು ಹಟ ಹಿಡಿದೆ. ಡಾಕ್ಟರು ಗಾಡಿ ಕೊಟ್ಟರು.

ಗದ್ದೆ ತಲುಪಿದಾಗ ಇಳಿಹೊತ್ತು. ಸಾಮಾನು ಕಟ್ಟುವ ಗಡಿಬಿಡಿ ಇತ್ತು, ಅವರು ಮರುದಿನ ಹೊರಡುವವರಿದ್ದರು. ಬಲೆ ಕಟ್ಟಿ ಮಾಡಿದ ಕುರಿದಡ್ಡಿಯ ಬಾಯಿಯಲ್ಲಿ ಲಕ್ಕವ್ವನ ಮಾವ ವಿಠ್ಠಪ್ಪಜ್ಜ ಕುಕ್ಕರಗಾಲಲ್ಲಿ ಕುಳಿತಿದ್ದರು. ಕಣ್ಣಿನಲ್ಲಿ ಪೊರೆ ಬೆಳೆದು ಹಾಲಿನ ಬಣ್ಣ. ಲಕ್ಕವ್ವ ಹಿಂದಿನಿಂದ ಕುರಿಗಳನ್ನು ಒಂದೊಂದಾಗಿ ಬಿಡುತ್ತಿದ್ದಳು, ಅಜ್ಜ ಪ್ರತಿ ಕುರಿಯ ಕಿವಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಒಳಗೆ ಕಳಿಸುತ್ತಿದ್ದರು. ನಾನು ಗಾಡಿಯ ಬಳಿ ನಿಂತು ನೋಡುತ್ತಿದ್ದೆ. ಒಂದು ಕುರಿಯ ಕಿವಿ ಸವರಿದವರು ಅದನ್ನು ಹಿಡಿದು ನಿಲ್ಲಿಸಿದರು.

"ಲಕ್ಕವ್ವಾ, ಇದು ಮಂದೀದು. ಕಡೀಕ ಕಟ್ಟು. ಮುಂಜಾನೆ ಕೊಟ್ಟು ಬರೂಣು."

ಬಾಜೂಕಿನ ಗದ್ದೆಯಲ್ಲಿ ಇನ್ನೊಂದು ಹಿಂಡು ಇತ್ತು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕುರಿ ಅದು, ಒಬ್ಬೊಬ್ಬ ಒಡೆಯರ ಕುರಿಯ ಕಿವಿಗೆ ಒಂದೊಂದು ಥರದ ಕಚ್ಚು, ಅದರದು ಬೇರೆ ಇತ್ತು. ನನ್ನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕಿವಿಗೆ ಕಚ್ಚು ಹಾಕಿಸಿಕೊಂಡ ಚಂದ್ರಿ. ನಾನು ಯಲ್ಲಪ್ಪನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಲಕ್ಕವ್ವ ಅಂಗಳದಲ್ಲಿ ಯಾಕೆ ಹಾಗೆ ಕೇಳಿದಳು, ಯಾಕೆ ಕೈ ಮುಗಿದು ಹೋದಳು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಇಲ್ಲಿ ನನ್ನ ನೆನಪಿಗೂ ಯಲ್ಲಪ್ಪನ ನೆನಪಿಗೂ ತಾಳೆಯಾಗುವುದಿಲ್ಲ. ಚಂದ್ರಿ ಹಗ್ಗ ಜಗ್ಗಿಕೊಂಡು ನೇರ ಅಜ್ಜನ ತೊಡೆಯ ಮೇಲೆ ಬಿತ್ತು ಎಂದು ನನ್ನ ನೆನಪು. ಅದು ಮೊದಲು ಕುರಿಗಳ ಹಿಂದೆ ಓಡಿ, ಹೊರಗುಳಿದವನ್ನೆಲ್ಲ ದಡ್ಡಿಯೊಳಗೆ ನೂಕಿ, ಕೆಲಸ ಮುಗಿಸಿ ಆಮೇಲೆ ಅಜ್ಜನ ಹತ್ತಿರ ಹೋಯಿತು ಎಂದು ಅವನ ನೆನಪು. ಬಹುಶಃ ಅವನದೇ ನಿಜ. ನನ್ನ ನೆನಪಿಗೆ ಅಪ್ಪುಗೆ ಮೊದಲು ಬೇಕು.

ಅಜ್ಜ ಅದರ ಕಾಲು ಮುಟ್ಟಿ ನೋಡಿದರು, ಎಲುಬು ಕೂಡಿದ ಗಂಟು ಒತ್ತಿ ನೋಡಿದರು, ಕೊನೆಗೆ ಕಿವಿ. ಅವರ ಹೆಬ್ಬೆರಳು ಕಚ್ಚಿನ ಮೇಲೆ ಎರಡು ಸಲ ಹೋಗಿ ಬಂತು.

"ಯವ್ವಾ, ನಿಮ್ಮ ನಾಯಿ ಭಾಳ ಚಲೋ ಆಗೇತಿ," ಎಂದರು. "ಕಾಲು ಚಂದ ಜೋಡಿಸೀರಿ."

ಜೀವಮಾನವಿಡೀ ಕೇಳಿದ ಮಾತು, ನಿಮ್ಮ ನಾಯಿ. ದೂರಾಗಿ ಕೇಳಿದ್ದೆ, ಬೈಗುಳವಾಗಿ ಕೇಳಿದ್ದೆ. ತಮ್ಮ ಹಕ್ಕು ಬಿಟ್ಟುಕೊಡುವ ಮರ್ಯಾದೆಯಲ್ಲಿ ಯಾರೂ ಅದನ್ನು ನನಗೆ ಹೇಳಿರಲಿಲ್ಲ.

"ಅಜ್ಜಾರ, ಇದು ನಿಮ್ಮ ಚಂದ್ರಿ" ಎಂದೆ. ಹೆಸರನ್ನು ಲಕ್ಕವ್ವ ಅಂದು ಕರೆದಾಗ ಕೇಳಿದ್ದೆ.

"ಚಂದ್ರೀನ. ನನಗ ವಾಸನಿ ಗೊತ್ತಾಗೂದಿಲ್ಲೇನು? ಆದ್ರ ಗುರ್ತು ನಿಮ್ಮದೈತಲ್ಲಾ. ನಾವು ಕಳಕೊಂಡ್ವಿ, ನೀವು ಬದುಕಿಸಿದ್ರಿ, ಗುರ್ತು ಹಾಕಿದ್ರಿ. ಈಗ ನಂದು ಅಂದ್ರ ಹೆಂಗಾಗ್ತೈತಿ?"

ನಾನು ಅವರೆದುರು ಕುಳಿತು ಹೇಳಿದೆ. ಈ ಕಚ್ಚು ಒಡೆತನದ್ದಲ್ಲ. ಬೆಳಗಾವಿಯ ಎಷ್ಟೋ ನಾಯಿಗಳ ಕಿವಿಯಲ್ಲಿ ಇದೇ ಕಚ್ಚು ಇದೆ, ಅವು ಯಾವುವೂ ನಮ್ಮವಲ್ಲ. ಇನ್ನು ಮರಿಯಾಗದಂತೆ ಆಪರೇಶನ್ ಆಗಿದೆ ಎನ್ನುವುದಕ್ಕೆ ಮಾತ್ರ ಈ ಗುರುತು.

ಹೇಳಿ ಮುಗಿಸುವಾಗ ನಾನೇನು ಹೇಳುತ್ತಿದ್ದೇನೆ ಎಂಬುದು ನನಗೇ ತಿಳಿಯಿತು. ಲಕ್ಕವ್ವ ಕೆಲಸ ನಿಲ್ಲಿಸಿದ್ದಳು.

"ಇನ್ನ ಮರಿ ಹಾಕಂಗಿಲ್ಲ?" ಎಂದರು ಅಜ್ಜ.

"ಇಲ್ರಿ ಅಜ್ಜಾರ."

ಅವರು ನಾಯಿಯ ಹೊಟ್ಟೆಯ ಮೇಲೆ ಕೈ ಇಟ್ಟರು. ಬೋಳಿಸಿದ ಕೂದಲು ಆಗಷ್ಟೇ ಮತ್ತೆ ಹುಟ್ಟುತ್ತಿತ್ತು. "ಇದರವ್ವನೂ ನಮ್ಮ ದಡ್ಡಿಯಾಗ ಹುಟ್ಟಿತ್ತು. ಅದರವ್ವನೂ" ಎಂದರು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರಗಳಿದ್ದವು. ಬೀದಿಯಲ್ಲಿ ಹುಟ್ಟಿ ಬೀದಿಯಲ್ಲಿ ಸಾಯುವ ಮರಿಗಳ ಬಗ್ಗೆ, ಹುಚ್ಚುನಾಯಿ ರೋಗದ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲವಳು ನಾನು. ಅವೆಲ್ಲ ಖರೇ ಇದ್ದವು, ಈಗಲೂ ಇವೆ. ಆ ಗದ್ದೆಯಲ್ಲಿ ಕುಳಿತವರಿಗೆ ಅವು ಯಾವುವೂ ಸಂಬಂಧಿಸಿದವಲ್ಲ.

ಕಡೆಗೆ ಮಾತಾಡಿದವಳು ಲಕ್ಕವ್ವ. "ಮಾವಾ, ನಮ್ಮ ಅಣ್ಣನ ಹಿಂಡಿನ್ಯಾಗ ಇದರ ಮರಿ ಐತಲ್ಲಾ. ದೊಡ್ಡದಾಗೇತಿ. ಅದರದೊಂದು ಮರಿ ತರೂಣು" ಎಂದಳು. ಆಮೇಲೆ ನನ್ನತ್ತ ತಿರುಗಿ, "ಈಗ ನೀವು ಇದನ್ನ ಏನು ಮಾಡಾಕ ಬಂದೀರಿ?" ಎಂದು ಕೇಳಿದಳು.

ಅಭ್ಯಾಸದ ಮಾತು ಬಾಯಿಗೆ ಬಂತು. "ಬಿಡಾಕ ಬಂದೀವಿ" ಎಂದೆ. ನಮ್ಮ ಆಫೀಸಿನಲ್ಲಿ ದಿನಕ್ಕೆ ಎಷ್ಟು ಸಲ ಆಡುವ ಮಾತು ಅದು. ಇವತ್ತು ಎಲ್ಲಿ ಬಿಡುವುದು, ಯಾವ ನಾಯಿ ಬಿಟ್ಟಾಯಿತು.

ಲಕ್ಕವ್ವ ತಲೆಯಲ್ಲಾಡಿಸಿದಳು. "ಬಿಟ್ಟದ್ದು ಅಂದ್ರ ಯಾರಿಗೂ ಬ್ಯಾಡಾದ್ದು ಅಂದಂಗಾತು, ಬಾಯಾರ. ನಮ್ಮ ಚಂದ್ರಿ ಹಂಗಲ್ಲ. ಬಿಟ್ಟು ಹೋಗಬ್ಯಾಡ್ರಿ. ಕೊಡ್ರಿ, ತಗೋತೀವಿ."

ಅವರಲ್ಲಿ ಕುರಿ ಕೈ ಬದಲಿಸಿದರೆ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವ ವಾಡಿಕೆಯಂತೆ. ಬಾಜೂಕಿನ ಹಿಂಡಿನವರನ್ನು ಕರೆದಳು. ತಮ್ಮ ಕುರಿಯನ್ನು ಹುಡುಕುತ್ತ ಅವರು ಹೇಗೂ ಅತ್ತಲೇ ಬರುತ್ತಿದ್ದರು. ನಾನು ಹಗ್ಗದ ತುದಿಯನ್ನು ಅಜ್ಜನ ಅಂಗೈಯಲ್ಲಿಟ್ಟು, ಮೆಲ್ಲಗೆ "ಕೊಟ್ಟೆ" ಎಂದೆ.

"ಮಂದಿ ಕೇಳೂವಂಗ ಅನ್ರಿ," ಎಂದರು ಅಜ್ಜ.

"ಕೊಟ್ಟೆ."

"ತಗೊಂಡೆ."

ಅವರು ಹೆಬ್ಬೆರಳಿನಿಂದ ಚಂದ್ರಿಯ ಕಿವಿಯ ಕಚ್ಚನ್ನು ಇನ್ನೊಮ್ಮೆ ಸವರಿ, "ಇನ್ನ ಈ ಗುರ್ತು ನಮ್ಮದು" ಎಂದರು. ಲಕ್ಕವ್ವ ಕುರಿಹಾಲಿನ ಚಹಾ ಮಾಡಿ ಕೊಟ್ಟಳು. ಗಾಡಿ ಹೊರಟಾಗ ಚಂದ್ರಿ ನಮ್ಮತ್ತ ತಿರುಗಿ ನೋಡಲಿಲ್ಲ, ದಡ್ಡಿಯ ಬಾಯಿಗೆ ಅಡ್ಡ ಮಲಗಿತ್ತು. ನನ್ನ ದಿನಚರಿಯಲ್ಲಿ ಆ ದಿನ: "ಜಾಂಬೋಟಿ ರಸ್ತೆ. ಮೋಡ. ಚಹಾ."

ಅದಾದ ಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಹಳ್ಳಿಯ ಕಡೆಯಿಂದ ತಂದ ನಾಯಿಗೆ, ಸುತ್ತಲಿನ ಹಿಂಡಿನವರನ್ನು, ಹೊಲದವರನ್ನು ಕೇಳದೆ ಕತ್ತರಿ ತಾಗಿಸಬಾರದು ಎಂದು ಡಾಕ್ಟರು ನಿಯಮ ಮಾಡಿದರು. ಇದರಿಂದ ಕೆಲಸ ನಿಧಾನವಾಗುತ್ತದೆ, ಹೊಸಬರಿಗೆ ಬೇಸರವಾಗುತ್ತದೆ. ಆ ನಿಯಮ ಎಲ್ಲಿಂದ ಬಂತು ಎಂಬುದನ್ನು ಅವರಿಗೆ ಹೇಳುವುದಕ್ಕಾಗಿಯೇ ಇಷ್ಟು ಬರೆದೆ. ಆಫೀಸಿನಲ್ಲಿ "ಬಿಡುವುದು" ಎನ್ನುವ ಮಾತನ್ನೂ ನಿಲ್ಲಿಸಲು ನಾನು ಪ್ರಯತ್ನಪಟ್ಟೆ. ಅದು ಆಗಲಿಲ್ಲ. ಪಾಪದಷ್ಟು ಸುಲಭವಾಗಿ ಅದು ಬಾಯಿ ಬಿಟ್ಟು ಹೋಗುವ ಶಬ್ದವಲ್ಲ.

ಮುಂದಿನ ಸುಗ್ಗಿಗೆ ಹಿಂಡು ಮತ್ತೆ ಬಂತು, ಅದರ ಮುಂದಿನದಕ್ಕೂ. ಚಂದ್ರಿಯ ಜೊತೆ ಅದರ ಮೊಮ್ಮಗಳು ಓಡಾಡುವುದನ್ನು ನಾನು ನೋಡಿದೆ. ಆಮೇಲಿನ ಒಂದು ಮಧ್ಯಾಹ್ನ, ನಿವೃತ್ತಿ ಹತ್ತಿರ ಬಂದಿದ್ದಾಗ, ಆಫೀಸಿಗೆ ಫೋನ್ ಬಂತು.

"ಬಾಯಾರ, ನಾ ಲಕ್ಕವ್ವ. ಖಾನಾಪುರ ಸ್ಟ್ಯಾಂಡಿನ ಬಾಜೂಕ ಅದೀನಿ. ನಮ್ಮ ನಾಯಿಗೆ ಗಾಡಿ ಬಡದೈತಿ. ಲಗೂನ ಬರ್ರಿ."

ಯಾವ ಕಾಲು, ರಕ್ತ ಇದೆಯೇ ಎಂದು ಕೇಳುವುದನ್ನೆಲ್ಲ ಮರೆತು, "ಚಂದ್ರಿಗೆ?" ಎಂದೆ.

"ಚಂದ್ರಿ ಅಲ್ರಿ, ಅದು ಮಾವನ ಹಂತ್ಯಾಕ ಐತಿ. ಇದ್ಯಾವುದೋ ಕರೇದು, ನಾ ಎಂದೂ ನೋಡಿಲ್ಲ." ಬಸ್ಸುಗಳ ಹಾರ್ನಿನ ನಡುವೆ ಅವಳ ದನಿ ಒಂದು ಕ್ಷಣ ಮುಳುಗಿ ಮತ್ತೆ ಬಂತು. "ಆದ್ರ ಕಿವ್ಯಾಗ ನಮ್ಮ ಗುರ್ತು ಐತಿ. ನೀವು ಬರೂಮಟಾ ನಾ ಇಲ್ಲೇ ಕುಂತಿರ್ತೀನಿ."

ಆ ಗುರುತಿನ ಅರ್ಥವನ್ನು ಇನ್ನೊಮ್ಮೆ ವಿವರಿಸಬಹುದಿತ್ತು. ನಾನು ಯಲ್ಲಪ್ಪನನ್ನು ಕರೆದು ಗಾಡಿಯ ಕೀಲಿ ಕೊಟ್ಟೆ.